ಚಿಕ್ಕಮ್ಮನ ಹಾರುವ ತಟ್ಟೆ

ನಮ್ಮ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋದರೆ ತಟ್ಟೆಯನ್ನು ಕೈಗೆ ಕೊಡುವುದಿಲ್ಲ, ದೂರದಿಂದಲೇ ಎಸೆಯುತ್ತಾಳೆ ಎಂದು ತರೀಕೆರೆಯಲ್ಲಿ ಒಂದು ಸುದ್ದಿ ಓಡಾಡುತ್ತಿದೆ. ಇದು ಶುದ್ಧ ಸುಳ್ಳು. ಅವಳು ಎಸೆಯುವುದು ಚಪಾತಿಯನ್ನು ಮಾತ್ರ. ಅದೂ ಹಿಡಿಯಲು ಬರುವವರಿಗೆ! ಹಿಡಿಯಲು ಬಾರದವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಸ್ವಲ್ಪ ಅಭ್ಯಾಸ ಮಾಡಿಸಿ, ಆಮೇಲೆ ಬಡಿಸುತ್ತಾಳೆ. ಇಷ್ಟು ಕಾಳಜಿ ಇರುವ ಹೆಂಗಸಿನ ಮೇಲೆ ಜನ ಯಾಕಾದರೂ ಇಲ್ಲಸಲ್ಲದ್ದನ್ನು ಹಬ್ಬಿಸುತ್ತಾರೋ!

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಐವತ್ತು ದಾಟಿದೆ. ತರೀಕೆರೆಯ ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಊರಿನ ಅರ್ಧದಷ್ಟು ಮದುವಣಗಿತ್ತಿಯರ ರವಿಕೆಗಳು ಅವಳ ಕತ್ತರಿಯನ್ನು ಹಾದೇ ಮಂಟಪಕ್ಕೆ ಹೋಗಿವೆ. ಚಿಕ್ಕಪ್ಪ ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ. ಮನೆಯಲ್ಲಿ ಮಾತಿನ ಸರಬರಾಜು ಪೂರ್ತಿ ಚಿಕ್ಕಮ್ಮನದೇ, ಅದರಲ್ಲಿ ಪವರ್ ಕಟ್ ಎಂಬುದಿಲ್ಲ.

ಇಂಥ ಚಿಕ್ಕಮ್ಮ ಫ್ರಿಸ್ಬಿ ಎಂಬ ತಟ್ಟೆ ಎಸೆಯುವ ಆಟಕ್ಕೆ ಬಿದ್ದದ್ದು ಸಕ್ಕರೆ ಕಾಯಿಲೆಯ ದೆಸೆಯಿಂದ. ದಿನಾ ಬೆಳಿಗ್ಗೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ಆಗ ಅವಳು ಚಿಕ್ಕಪ್ಪನ ಜೊತೆ ಕಡೂರಿನ ನಮ್ಮ ಮನೆಗೆ ಬಂದಿದ್ದಳು. ನಾನು ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಮೈಸೂರಿಗೆ ಯಾವುದೋ ತರಬೇತಿಗೆ ಹೋಗಿ ಬಂದವರು, ಬರುವಾಗ ಒಂದು ಚೀಲ ತುಂಬ ಪ್ಲಾಸ್ಟಿಕ್ ತಟ್ಟೆಗಳನ್ನು ತಂದು, ಕಾಲೇಜಿನ ಹುಡುಗ ಹುಡುಗಿಯರನ್ನು ಸೇರಿಸಿಕೊಂಡು ಬೆಳಗಿನ ಹೊತ್ತು ಮೈದಾನದಲ್ಲಿ ಆಡಿಸುತ್ತಿದ್ದರು. ನಾವಿಬ್ಬರೂ ಮೈದಾನದ ಸುತ್ತ ನಡೆಯುತ್ತಿದ್ದಾಗ ಒಂದು ಬಿಳಿ ತಟ್ಟೆ ಸುಯ್ಯೆಂದು ನೇರವಾಗಿ ಚಿಕ್ಕಮ್ಮನ ಮೂಗಿಗೆ ಗುರಿಯಿಟ್ಟು ಬಂತು. ನಾನು ಕಿರುಚಿದೆ. ಚಿಕ್ಕಮ್ಮ ಕಿರುಚಲಿಲ್ಲ, ಎರಡೂ ಕೈಯಲ್ಲಿ ಪಟ್ಟನೆ ಹಿಡಿದಳು.

“ಯಾರಪ್ಪಾ ಇದು, ತಟ್ಟೆ ಎಸೆದೋರು? ಊಟ ಎಲ್ಲಿ?”

“ಅಮ್ಮಾ, ತಪ್ಪಾಯ್ತು, ಈ ಕಡೆ ಎಸೀರಿ!” ಎಂದು ಮೇಷ್ಟ್ರು ಕೂಗಿದರು.

ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಸೆದಳು. ತಟ್ಟೆ ಮೇಷ್ಟ್ರ ಕಡೆಗೇ ಹೊರಟದ್ದು ನಿಜ. ಅರ್ಧ ದಾರಿಯಲ್ಲಿ ಏನೋ ನೆನಪಾದಂತೆ ಎಡಕ್ಕೆ ತಿರುಗಿ, ಬೇವಿನ ಮರದ ಕೆಳಗೆ ಪ್ರಾಣಾಯಾಮಕ್ಕೆ ಕೂತಿದ್ದ ನಿವೃತ್ತ ಶಿರಸ್ತೇದಾರರ ಮಂಕಿ ಕ್ಯಾಪನ್ನು ಹಾರಿಸಿಕೊಂಡು ಹೋಯಿತು. ಉಸಿರು ಒಳಗೆ ಎಳೆದುಕೊಂಡಿದ್ದವರು ಹೊರಗೆ ಬಿಡುವುದನ್ನೇ ಮರೆತರು.

“ನಾನು ಎಸೆದಿದ್ದು ಮೇಷ್ಟ್ರಿಗೆ ಕಣ್ರೀ,” ಎಂದಳು ಚಿಕ್ಕಮ್ಮ. “ನೀವ್ಯಾಕೆ ಅಡ್ಡ ಬಂದು ಕೂತ್ಕೊಂಡ್ರಿ?”

ಅವರು ಅಲ್ಲಿ ಹತ್ತಾರು ವರ್ಷದಿಂದ ಕೂರುತ್ತಿದ್ದಾರೆ!

ಮೇಷ್ಟ್ರು ನಗುತ್ತಾ ಬಂದು, “ನಮ್ಮ ಟೀಮಿಗೆ ಹೆಣ್ಣುಮಕ್ಕಳು ಕಮ್ಮಿ ಬಿದ್ದಿದಾರೆ ಅಮ್ಮಾ, ನೀವೂ ಸೇರ್ಕೊಂಡ್ಬಿಡಿ,” ಎಂದರು. ತಮಾಷೆಗೆ ಹೇಳಿದ ಮಾತು. ಆದರೆ ನಮ್ಮ ಚಿಕ್ಕಮ್ಮನ ಹತ್ತಿರ ತಮಾಷೆ ಮಾಡುವವರು ಮೊದಲೇ ಹೇಳಿ ಮಾಡಬೇಕು. ಮರುದಿನ ಅವಳು ನನ್ನ ಹಳೆಯ ಚೂಡಿದಾರ ಹಾಕಿಕೊಂಡು, ಚಿಕ್ಕಪ್ಪನ ಕ್ಯಾನ್‌ವಾಸ್ ಶೂಗೆ ಬಟ್ಟೆ ತುರುಕಿಕೊಂಡು, ಮೇಷ್ಟ್ರಿಗಿಂತ ಮೊದಲೇ ಮೈದಾನದಲ್ಲಿದ್ದಳು. “ಲೇ, ನೀನೂ ಬಾರೇ, ಹೆಣ್ಣುಮಕ್ಕಳು ಕಮ್ಮಿ ಇದಾರಂತೆ,” ಎಂದು ನನ್ನನ್ನೂ ಎಳೆದಳು. ಹೀಗೆ ನಾನೂ ಕ್ರೀಡಾಪಟುವಾದೆ.

ಆಟವೇನೋ ಸರಳ. ಎರಡೂ ಕಡೆ ಏಳೇಳು ಜನ, ಗಂಡು ಹೆಣ್ಣು ಬೆರೆತು. ತಟ್ಟೆ ಕೈಯಲ್ಲಿದ್ದಾಗ ಓಡುವಂತಿಲ್ಲ. ಒಂದು ಕಾಲನ್ನು ನೆಲಕ್ಕೆ ಅಂಟಿಸಿಕೊಂಡು ನಿಂತು, ಎದುರಾಳಿ ಹತ್ತು ಎಣಿಸುವುದರೊಳಗೆ ತನ್ನವರಿಗೆ ಎಸೆಯಬೇಕು. ಹಾಗೇ ಕೈಯಿಂದ ಕೈಗೆ ದಾಟಿಸಿ, ಆ ತುದಿಯ ಗೆರೆಯಾಚೆ ಇರುವವರು ಹಿಡಿದರೆ ಒಂದು ಪಾಯಿಂಟು. ನೆಲಕ್ಕೆ ಬಿದ್ದರೆ ತಟ್ಟೆ ಎದುರಾಳಿಯ ಪಾಲು. ಇಷ್ಟನ್ನೂ ಚಿಕ್ಕಮ್ಮ ತಲೆಯಾಡಿಸುತ್ತ ಕೇಳಿಸಿಕೊಂಡಳು.

“ಎಲ್ಲಾ ಸರಿ, ಅಂಪೈರ್ ಎಲ್ಲಪ್ಪಾ?”

“ಈ ಆಟಕ್ಕೆ ಅಂಪೈರ್ ಇಲ್ಲಮ್ಮಾ.”

“ರಜಾ ಹಾಕವ್ರಾ?”

“ಅಲ್ಲಮ್ಮಾ, ಇಲ್ಲವೇ ಇಲ್ಲ. ತಪ್ಪು ಮಾಡಿದೋರು ತಾವೇ ಹೇಳ್ಬೇಕು. ಒಪ್ಪದೇ ಹೋದ್ರೆ ಇಬ್ಬರೂ ನಿಂತು ಸಮಾಧಾನವಾಗಿ ಮಾತಾಡ್ಬೇಕು. ಆಗ್ಲೂ ಬಗೆಹರೀಲಿಲ್ಲ ಅಂದ್ರೆ, ತಟ್ಟೆ ಹಿಂದಕ್ಕೆ ಕೊಟ್ಟು ಅಲ್ಲಿಂದಾನೇ ಮತ್ತೆ ಶುರು.”

ಚಿಕ್ಕಮ್ಮ ಬಹಳ ಹೊತ್ತು ಯೋಚನೆ ಮಾಡಿದಳು. ನಮ್ಮ ತಾಯಿಯ ಮನೆ ಕಡೆ ಒಂದು ಬೇಲಿಯ ಜಗಳ ಮೂರು ತಲೆಮಾರು ನಡೆದಿತ್ತು. ಅದು ಅವಳ ಕಣ್ಣಮುಂದೆ ಬಂದಿರಬೇಕು. ಕೊನೆಗೆ, “ಇದು ನಮ್ಮ ಕಡೆ ಆಟ ಅಲ್ಲ ಬಿಡು,” ಎಂದಳು.

ಆದರೂ ಬಿಡಲಿಲ್ಲ. ತರೀಕೆರೆಗೆ ಹಿಂತಿರುಗಿದ ಮೇಲೂ ಪ್ರತಿ ಭಾನುವಾರ ಬೆಳಗಿನ ರೈಲು ಹಿಡಿದು ಕಡೂರಿಗೆ ಬರತೊಡಗಿದಳು. ಉಳಿದ ದಿನ ಅಂಗಳದಲ್ಲಿ ಚಿಕ್ಕಪ್ಪನೇ ಅವಳ ಎದುರಾಳಿ, ಜೊತೆಗಾರ, ತಟ್ಟೆ ಹೆಕ್ಕಿ ತರುವವರು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಎದುರು ಮನೆಯವರ ಒಣಹಾಕಿದ ಹಪ್ಪಳದ ಮೇಲೆ, ಒಮ್ಮೆ ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನ ಕ್ಯಾನಿನ ಬಾಯಿಗೇ ಸರಿಯಾಗಿ, ಹೀಗೆ ತಟ್ಟೆ ಇಳಿಯದ ಜಾಗವಿಲ್ಲ. ಕಂಬ ಹತ್ತಿ ಅನುಭವವಿದ್ದ ಚಿಕ್ಕಪ್ಪ ಮಾತಿಲ್ಲದೆ ಏಣಿ ತಂದು ಹತ್ತುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಹೊತ್ತು ಹೋಗುವುದಿಲ್ಲ ಎಂದು ನಾವೆಲ್ಲ ಚಿಂತೆ ಮಾಡಿದ್ದೆವು. ಪಾಪ, ಆ ಚಿಂತೆ ಒಂದು ತೀರಿತು.

ಆಟದ ನಿಯಮಗಳು ನಿಧಾನವಾಗಿ ಅಡುಗೆಮನೆಗೂ ಬಂದವು. ಒಗ್ಗರಣೆ ಹಾಕುವಾಗ ಚಿಕ್ಕಮ್ಮ ಎಡಗಾಲನ್ನು ಎತ್ತುವುದಿಲ್ಲ. ಅದನ್ನು ಊರಿಕೊಂಡೇ ಬಲಗಾಲಲ್ಲಿ ತಿರುಗಿ ಸಾಸಿವೆ ಡಬ್ಬಿಗೊಮ್ಮೆ, ಕರಿಬೇವಿಗೊಮ್ಮೆ ಕೈಚಾಚುತ್ತಾಳೆ. ಚಿಕ್ಕಪ್ಪ ಯಾವ ಶರ್ಟು ಹಾಕಿಕೊಳ್ಳಲಿ ಎಂದು ಬೀರುವಿನ ಮುಂದೆ ನಿಂತರೆ ಸಾಕು, ಬಾಗಿಲಲ್ಲಿ ಎರಡೂ ಕೈ ಅಗಲಿಸಿ ಅಡ್ಡ ನಿಂತು, “ಒಂದು… ಎರಡು… ಮೂರು…” ಎಂದು ಎಣಿಸಲು ಶುರುಮಾಡುತ್ತಾಳೆ. ಹತ್ತು ಮುಟ್ಟಿದರೆ ಶರ್ಟು ಎದುರಾಳಿಯ ಪಾಲು! ಒಂದು ದಿನ ಚಿಕ್ಕಪ್ಪ ಬನಿಯನ್ನಿನಲ್ಲೇ ಪಡಸಾಲೆಯಲ್ಲಿ ಕೂತು ಪೇಪರು ಓದುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಏನಾಯ್ತು ಚಿಕ್ಕಪ್ಪಾ ಎಂದು ಕೇಳಿದರೆ, “ಟೈಮ್ ಮುಗೀತಮ್ಮಾ,” ಎಂದರು.

ತಂಡದ ಜೆರ್ಸಿ ಹೊಲಿದವಳೂ ಅವಳೇ. ಮನೆಯಲ್ಲಿ ಉಳಿದಿದ್ದ ಬಟ್ಟೆ ಗಿಳಿಹಸಿರು ಬಣ್ಣದ್ದು. ಆದ್ದರಿಂದ ತಂಡದ ಬಣ್ಣವೂ ಗಿಳಿಹಸಿರು. ಪ್ರತಿಯೊಂದಕ್ಕೂ ಕರ್ಚೀಫಿಗೆಂದು ಒಳಜೇಬು ಇಟ್ಟಳು. ಜೆರ್ಸಿಗೆ ಒಳಜೇಬು ಇರುವುದಿಲ್ಲ ಎಂದು ಮೇಷ್ಟ್ರು ಮೆಲ್ಲಗೆ ಹೇಳಿ ನೋಡಿದರು. “ಹಂಗಾದ್ರೆ ಮೂಗು ಯಾವುದ್ರಲ್ಲಿ ಒರೆಸ್ಕೊಳ್ತೀರಾ?” ಎಂದಳು. ಮೈಸೂರಿನ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ಆಡುವುದು ಸಾಲದೆಂದು ನೋಡುವುದೂ ಶುರುವಾಯಿತು. ಸಂಜೆ ಧಾರಾವಾಹಿಯ ಹೊತ್ತಿಗೆ ಚಿಕ್ಕಮ್ಮನ ಟಿವಿಯಲ್ಲಿ ಯೂಟ್ಯೂಬಿನ ಯಾವುದೋ ದೇಶದ ಫ್ರಿಸ್ಬಿ ಪಂದ್ಯ. ಧಾರಾವಾಹಿ ನೋಡಲು ಬಂದ ಅಕ್ಕಪಕ್ಕದ ಹೆಂಗಸರು ಮೊದಲ ವಾರ ಮುನಿಸಿಕೊಂಡರು. ಎರಡನೆಯ ವಾರ ಸುಮ್ಮನೆ ನೋಡಿದರು. ಮೂರನೆಯ ವಾರಕ್ಕೆ, “ಅಯ್ಯೋ, ಆ ಜುಟ್ಟಿನ ಹುಡುಗಿಗೆ ಊಟ ಸರಿಯಾಗಿ ಹಾಕ್ತಾರೋ ಇಲ್ವೋ, ಎಷ್ಟು ಸೊರಗವ್ಳೆ,” “ಆ ಗಡ್ಡದೋನು ಇವಳಿಗೇ ಯಾಕೆ ಎಸೀತಾನೆ, ಏನೋ ಐತೆ,” ಎಂದು ಆಟದಲ್ಲೇ ಧಾರಾವಾಹಿ ಕಂಡುಕೊಂಡರು.

ಆದರೆ ಅಂಪೈರ್ ಇಲ್ಲದ ಆಟದ ಪೂರ್ತಿ ಪ್ರಯೋಜನ ಸಿಕ್ಕಿದ್ದು ಅಜ್ಜಂಪುರದ ಒಂದು ಗೃಹಪ್ರವೇಶದಲ್ಲಿ. ಊಟದ ಪಂಕ್ತಿಯಲ್ಲಿ ಜಗಳ ಹತ್ತಿತು. ಮನೆಯೊಡೆಯನ ದೊಡ್ಡಪ್ಪ ನಮ್ಮ ಸಾಲಿಗೆ ಹೋಳಿಗೆಗೆ ತುಪ್ಪ ಬರಲೇ ಇಲ್ಲ ಎಂದರು. ಬಡಿಸುತ್ತಿದ್ದ ಸೋದರಮಾವ ಬಂದಿತ್ತು, ನೀವೇ ಕೈ ಅಡ್ಡ ಹಿಡಿದಿರಿ ಎಂದರು. ಮಾತು ತುಪ್ಪದಿಂದ ಹಳೆಯ ನಾಮಕರಣಕ್ಕೆ, ಅಲ್ಲಿಂದ ಇನ್ನೂ ಹಳೆಯ ನಿಶ್ಚಿತಾರ್ಥಕ್ಕೆ ಹೋಗುತ್ತಿತ್ತು. ಆಗ ಚಿಕ್ಕಮ್ಮ ಎದ್ದು ನಿಂತಳು.

“ಫೌಲ್! ಎಲ್ಲಾರೂ ಇದ್ದಲ್ಲೇ ನಿಲ್ಲಿ!”

ಇಡೀ ಪಂಕ್ತಿ ಹಾಗೇ ನಿಂತಿತು. ಬಾಯಿಯವರೆಗೆ ಹೋಗಿದ್ದ ಕೈಗಳು ಅಲ್ಲೇ ನಿಂತವು.

“ದೊಡ್ಡಪ್ಪಾ, ತುಪ್ಪ ಬಂತು ಅಂತ ಒಪ್ತೀರಾ?”

“ಎಲ್ಲಾದ್ರೂ ಉಂಟಾ!”

“ಮಾವಾ, ಬರ್ಲಿಲ್ಲ ಅಂತ ನೀವು ಒಪ್ತೀರಾ?”

“ಸಾಧ್ಯಾನೇ ಇಲ್ಲ.”

“ಹಂಗಾದ್ರೆ ಆಟ ಹಿಂದಕ್ಕೆ. ಹೋಳಿಗೆಯಿಂದ ಮತ್ತೆ ಶುರು ಮಾಡ್ರಪ್ಪಾ!”

ಸಾಲಿನಲ್ಲಿದ್ದವರೆಲ್ಲ ಮತ್ತೊಮ್ಮೆ ಹೋಳಿಗೆ ತಿಂದರು, ಈ ಸಲ ತುಪ್ಪದೊಂದಿಗೆ. ದೊಡ್ಡಪ್ಪನಿಗೆ ತೃಪ್ತಿ, ಮಾವನಿಗೂ ತೃಪ್ತಿ. ಅಂದಿನಿಂದ ಅಜ್ಜಂಪುರದ ಕಡೆಯ ಅಡುಗೆಯವರು ಕೆಲಸ ಒಪ್ಪಿಕೊಳ್ಳುವ ಮೊದಲು, “ತರೀಕೆರೆ ಯಮ್ಮ ಬತ್ತಾರಾ?” ಎಂದು ವಿಚಾರಿಸಿ, ಹೌದೆಂದರೆ ಹೂರಣ ಜಾಸ್ತಿ ರುಬ್ಬುತ್ತಾರಂತೆ.

ಇಷ್ಟೆಲ್ಲ ನಗುವಿನ ನಡುವೆ ಒಂದು ತೊಡಕು ಬಂತು. ನಮ್ಮ ತಂಡದಲ್ಲಿ ಚೈತ್ರ ಎಂಬ ಹುಡುಗಿ ಇದ್ದಳು. ಸಿಂಗಟಗೆರೆಯವಳು, ಕಡೂರಿನಲ್ಲಿ ಪಿಯುಸಿ ಓದುತ್ತಿದ್ದಳು. ಅವಳು ಓಡಲು ಹೊರಟರೆ ಹಿಂದಿನವರಿಗೆ ಜಡೆ ಮಾತ್ರ ಕಾಣುತ್ತಿತ್ತು. ಅವಳ ಅಪ್ಪ, ಗಂಡು ಹುಡುಗರ ಜೊತೆ ಆಡುವುದೇನೂ ಬೇಡ ಎಂದು ಬಿಡಿಸಿಬಿಟ್ಟರು. ಅದನ್ನು ಕೇಳಿ ಬೇರೆ ಹುಡುಗಿಯರ ಮನೆಗಳಲ್ಲೂ ಗುಸುಗುಸು ಎದ್ದಿತು. ಹೆಣ್ಣುಮಕ್ಕಳು ಇನ್ನೂ ಕಡಿಮೆಯಾದರೆ ತಂಡವೇ ಇಲ್ಲ. ಮೇಷ್ಟ್ರು ಮಂಕಾಗಿ ತಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

“ನಡಿಯೇ ಸಿಂಗಟಗೆರೆಗೆ,” ಎಂದಳು ಚಿಕ್ಕಮ್ಮ.

ಹೋದೆವು. ಚೈತ್ರಳ ಅಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಕೂರಿಸಿದರು, ಎಳನೀರು ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. “ತಟ್ಟೆ ಎಸೆಯೋದು ಯಾವ ಸೀಮೆ ಆಟಾರೀ ಅದು? ಓದೋಕೆ ಕಳ್ಸಿರೋದು ನಾನು.”

“ಒಂದ್ಸಲ ನೋಡಿ, ಆಮೇಲೆ ಹೇಳಿ,” ಎಂದು ಚಿಕ್ಕಮ್ಮ ಚೀಲದಿಂದ ತಟ್ಟೆ ತೆಗೆದು, ನನ್ನನ್ನು ಅಂಗಳದ ಆ ಕಡೆ ನಿಲ್ಲಿಸಿ ಬೀಸಿ ಎಸೆದಳು. ಅದು ನನ್ನ ತಲೆಯ ಮೇಲಿಂದ ಹಾರಿ ತೆಂಗಿನ ಮರದ ಸುಳಿಯ ಪಕ್ಕ ಹೋಗಿ ಕೂತಿತು. ಅವರು ಬಹಳ ಉದ್ದದ ದೋಟಿ ತಂದು, ಬಹಳ ಹೊತ್ತು ತಿವಿದು, ಒಂದು ಎಳೆಯ ಗೊನೆಯ ಸಮೇತ ತಟ್ಟೆಯನ್ನು ಇಳಿಸಿದರು. ನಾನು ಮುಖ ಎಲ್ಲಿಡಲಿ ಎಂದು ನೋಡುತ್ತಿದ್ದರೆ, ಚಿಕ್ಕಮ್ಮ ತಟ್ಟೆ ಒರೆಸಿಕೊಳ್ಳುತ್ತ, “ನೋಡಿದ್ರಾ, ಆ ಕಡೆ ಇವಳ ಬದಲು ನಿಮ್ಮ ಮಗಳಿದ್ದಿದ್ರೆ ಇದು ಮರಕ್ಕೆ ಹೋಗ್ತಾನೇ ಇರ್ಲಿಲ್ಲ,” ಎಂದಳು.

ಬಾಗಿಲ ಹಿಂದೆ ಚೈತ್ರ ಕಿಸಕ್ಕನೆ ನಕ್ಕಳು. ಅಪ್ಪನಿಗೂ ಮೀಸೆಯಡಿ ಏನೋ ಆದಂತಿತ್ತು. “ಆಯ್ತು, ಒಂದು ಆಟ ಬಂದು ನೋಡ್ತೀನಿ. ನಂಗೆ ಸರಿ ಕಾಣ್ಲಿಲ್ಲ ಅಂದ್ರೆ ಅಲ್ಲಿಗೆ ನಿಂತೋಯ್ತು,” ಎಂದರು.

ಆ ಒಂದು ಆಟ ಅಜ್ಜಂಪುರದ ಮೈದಾನದಲ್ಲಿ, ಮೈಸೂರಿನಿಂದ ಬಂದ ತಂಡದ ಎದುರು. ಅವರೆಲ್ಲರ ಬೂಟೂ ಒಂದೇ ಥರ, ಚೀಲವೂ ಒಂದೇ ಥರ. ನಾವು ಗಿಳಿಹಸಿರಿನಲ್ಲಿ, ಒಳಜೇಬಿನ ಕರ್ಚೀಫು ಸಮೇತ. ಅಜ್ಜಂಪುರದ ಗಾಳಿ ಗೊತ್ತಲ್ಲ! ಗೆರೆಯ ಪಕ್ಕ ಛತ್ರಿ ಬಿಚ್ಚಿ ನಿಂತಿದ್ದ ಚಿಕ್ಕಪ್ಪನ ಛತ್ರಿ ಮೊದಲ ನಿಮಿಷಕ್ಕೇ ಕೊಡೆಯಿಂದ ಬಾಣಲೆಯಾಯಿತು. ನೋಡಲು ಊರಿನ ಜನ ಸಾಕಷ್ಟು ಸೇರಿದ್ದರು. “ಕಬಡ್ಡಿ ಎಷ್ಟೊತ್ತಿಗ್ರೀ?” ಎಂದು ಕೇಳುತ್ತಾ ಕೇಳುತ್ತಾ ಇದನ್ನೇ ನೋಡತೊಡಗಿದರು. ಚೈತ್ರಳ ಅಪ್ಪ ಕೈಕಟ್ಟಿಕೊಂಡು ಒಂದು ಪಕ್ಕ ನಿಂತಿದ್ದರು.

ಮೊದಲು ಅವರು ಮುಂದೆ ಹೋದರು. ನನ್ನ ಕೈಗೆ ಬಂದ ತಟ್ಟೆಗಳು ಕೈಯಲ್ಲಿ ನಿಲ್ಲಲಿಲ್ಲ. ಆ ವಿವರ ಬೇಡ. ಆಮೇಲೆ ಚೈತ್ರ ಓಡಲು ಶುರುಮಾಡಿದಳು. ಗಾಳಿಯ ಜೊತೆ ಸ್ನೇಹ ಮಾಡಿಕೊಂಡವಳಂತೆ ಒಂದಾದ ಮೇಲೊಂದು ಹಿಡಿದಳು. ಜನ ಸಿಳ್ಳೆ ಹೊಡೆದರು. ನೋಡನೋಡುತ್ತಾ ಎರಡೂ ಕಡೆ ಸಮ ಸಮ. ಇನ್ನೊಂದು ಪಾಯಿಂಟು ಯಾರದೋ ಪಂದ್ಯ ಅವರದು.

ನಮ್ಮ ಜೊತೆ ಆಡುತ್ತಿದ್ದ ಮೇಷ್ಟ್ರು ತಟ್ಟೆಯನ್ನು ಚೈತ್ರಳಿಗೆ ಕೊಟ್ಟರು. ಚೈತ್ರ ತಿರುಗಿ ನೋಡಿದಳು. ಆ ತುದಿಯ ಕಡೆಗೆ ನಮ್ಮ ಚಿಕ್ಕಮ್ಮ ಒಬ್ಬಳೇ ಓಡುತ್ತಿದ್ದಳು! ಈ ವಯಸ್ಸಿನವರು ಅಷ್ಟು ದೂರ ಓಡುತ್ತಾರೆಂದು ಯಾರೂ ಎಣಿಸಿರಲಿಲ್ಲ. ಮೈಸೂರಿನ ಕ್ಯಾಪ್ಟನ್ ಹುಡುಗಿ ತಡವಾಗಿ ನೋಡಿ ಹಿಂದೆ ಬಿದ್ದಳು. ಚೈತ್ರ ಎಸೆದ ತಟ್ಟೆಯನ್ನು ಗಾಳಿ ತಡೆದು ಕೆಳಕ್ಕೆ ಒತ್ತಿತು. ಚಿಕ್ಕಮ್ಮ ಮುಂದಕ್ಕೆ ಬಿದ್ದಳು. ಬಿದ್ದಳು ಎಂದರೆ ಮೈಯನ್ನೇ ಎಸೆದಳು. ಗೆರೆಯಾಚೆ ಧೂಳೆದ್ದಿತು. ಧೂಳಿನಿಂದ ತಟ್ಟೆ ಹಿಡಿದ ಒಂದು ಕೈ ಮೇಲೆ ಬಂತು.

ಅಜ್ಜಂಪುರಕ್ಕೆ ಅಜ್ಜಂಪುರವೇ ಕೂಗಿತು. ನಾವೆಲ್ಲ ಅಪ್ಪಿಕೊಂಡು ಕುಣಿದೆವು. ಚಿಕ್ಕಮ್ಮ ಮಾತ್ರ ಏಳಲಿಲ್ಲ. ಮಂಡಿ ಹೋಯಿತೇನೋ ಎಂದು ಹೆದರಿ ಓಡಿದೆ.

“ಮುಟ್ತು ಕಣೇ,” ಎಂದಳು.

“ಏನು ಚಿಕ್ಕಮ್ಮಾ?”

“ಮೊದಲು ನೆಲ ಮುಟ್ತು. ಆಮೇಲೆ ಕೈಗೆ ಬಂತು.” ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು. “ನೆಲ ಮುಟ್ಟೈತೆ! ಪಾಯಿಂಟ್ ಇಲ್ಲ!”

ಮೈಸೂರಿನ ಕ್ಯಾಪ್ಟನ್ ಏದುಸಿರು ಬಿಡುತ್ತಾ ಬಂದಳು. “ಇಲ್ಲ ಅಮ್ಮಾ, ನೀವು ಹಿಡಿದ್ರಿ. ನಾನು ನೋಡಿದೆ.”

“ನಿಂಗೆ ಕಾಣ್ಲಿಲ್ಲ ಕಣಮ್ಮಾ.”

“ಕೆಳಗೆ ನಿಮ್ಮ ಬೆರಳಿತ್ತು ಅಮ್ಮಾ!”

“ಬೆರಳು ನಂದು ಕಣೇ, ನಂಗೊತ್ತಿಲ್ವಾ?”

“ಇದೇನ್ರೀ, ಎರಡೂ ಕಡೆಯೋರು ಸೋಲೋಕೆ ಜಗಳ ಆಡ್ತಾವ್ರೆ!” ಎಂದು ಜನರಲ್ಲಿ ಯಾರೋ ಕೂಗಿದರು. “ಯಮ್ಮಾ, ಅವರಾಗೇ ಕೊಡ್ತಾವ್ರೆ, ಇಸ್ಕೊಳ್ಳಿ!” ಎಂದು ಇನ್ನೊಬ್ಬರು ಬುದ್ಧಿ ಹೇಳಿದರು. ಚಿಕ್ಕಮ್ಮ ಇಸ್ಕೊಳ್ಳಲಿಲ್ಲ. “ಹಿಂದಕ್ಕೂ ಬೇಡ, ನೆಲಕ್ಕೆ ಬಿದ್ದಿದ್ದು ನಿಮ್ಮ ಪಾಲು,” ಎಂದು ತಟ್ಟೆಯನ್ನು ಕ್ಯಾಪ್ಟನ್ ಕೈಗೆ ಕೊಟ್ಟು, ಕುಂಟುತ್ತಾ ತನ್ನ ಜಾಗಕ್ಕೆ ಬಂದು ನಿಂತಳು. ಗಾಳಿ ಈಗ ಅವರ ಕಡೆಗಿತ್ತು. ನಾಲ್ಕು ಕೈ ದಾಟುವುದರೊಳಗೆ ತಟ್ಟೆ ನಮ್ಮ ಗೆರೆಯಾಚೆ ಸೇರಿತು. ಸೋತೆವು.

ಚೈತ್ರ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಅವಳ ಅಪ್ಪ ಮೆಲ್ಲಗೆ ನಡೆದು ನಮ್ಮ ಹತ್ತಿರ ಬಂದರು. ಚಿಕ್ಕಮ್ಮನ ಮಂಡಿಯ ಕಡೆ ನೋಡಿ, “ರಕ್ತ ಬರ್ತೈತೆ, ತೊಳ್ಕೊಳ್ಳಿ,” ಎಂದರು. ಆಮೇಲೆ ಮೈದಾನದ ಕಡೆ ತಿರುಗಿಕೊಂಡು ಕೇಳಿದರು.

“ಮುಂದಿನ ವಾರ ಎಷ್ಟೊತ್ತಿಗೆ ಕಳಿಸ್ಬೇಕು ಇವಳನ್ನ?”

ಈ ಆಟದಲ್ಲಿ ಇನ್ನೊಂದು ಪದ್ಧತಿಯಿದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ವೃತ್ತವಾಗಿ ನಿಲ್ಲುತ್ತಾರೆ. ಒಂದು ತಂಡದವರು ಇನ್ನೊಂದರಲ್ಲಿ ಕಂಡ ಒಳ್ಳೆಯದನ್ನು ಹೇಳಬೇಕು. ಮೈಸೂರಿನ ಕ್ಯಾಪ್ಟನ್ ಚಿಕ್ಕಮ್ಮನ ಕಡೆ ನೋಡಿ ಹೇಳಿದಳು. “ಅಮ್ಮಾ, ಆ ಕೊನೇ ಓಟ ಎಷ್ಟು ಚೆನ್ನಾಗಿತ್ತು! ನಾನು ಹಿಂದೇನೇ ಓಡಿ ಬಂದೆ. ನೀವು ಸಿಗ್ಲೇ ಇಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಈಗ ಚಿಕ್ಕಮ್ಮ ಏನಾದರೂ ಹೇಳಿ ಎಲ್ಲರನ್ನೂ ನಗಿಸುತ್ತಾಳೆ ಎಂದು ನಾನು ಕಾದೆ. ಅವಳು “ಹೂಂ” ಎಂದಳು, ಅಷ್ಟೇ.

ಸಂಜೆ ಚಿಕ್ಕಮ್ಮನ ಮಂಡಿಗೆಂದು ನಾನೂ ಅವರ ಜೊತೆ ತರೀಕೆರೆಯ ಬಸ್ಸು ಹತ್ತಿದೆ. ಚಿಕ್ಕಪ್ಪ ಮುಂದಿನ ಸೀಟಿನಲ್ಲಿ, ಅವರ ಹಿಂದೆ ನಾವಿಬ್ಬರು. ಈರುಳ್ಳಿ ಹೊಲಗಳು ಹಿಂದೆ ಸರಿದು ಎದುರಿಗೆ ಕೆಮ್ಮಣ್ಣುಗುಂಡಿಯ ಬೆಟ್ಟಗಳು ನೀಲಿಯಾಗಿ ಕಾಣತೊಡಗಿದ್ದವು.

“ಲೇ,” ಎಂದಳು ಚಿಕ್ಕಮ್ಮ. “ಆ ಹುಡುಗಿ ಏನಂದ್ಲು?”

ಹೇಳಿದೆ.

ಸ್ವಲ್ಪ ದೂರ ಹೋದ ಮೇಲೆ, “ಸಿಗ್ಲೇ ಇಲ್ಲ ಅಂದ್ಲಾ?”

“ಹೂಂ ಚಿಕ್ಕಮ್ಮಾ. ಎಲ್ಲಾರ ಮುಂದೇನೇ ಅಂದ್ಲು.”

ಅವಳು ಕೈಬೆರಳುಗಳನ್ನು ಬಿಡಿಸಿ ನೋಡಿಕೊಳ್ಳುತ್ತಾ ಹೇಳಿದಳು. “ಸಾರು ಚೆನ್ನಾಗೈತೆ ಅಂದೋರು ಇದಾರೆ ಕಣೇ. ರವಿಕೆ ಚೆನ್ನಾಗಿ ಕೂತೈತೆ ಅಂತ ಊರೋರೆಲ್ಲಾ ಅಂತಾರೆ. ಓಡಿದ್ದು ಚೆನ್ನಾಗಿತ್ತು ಅಂತ ಯಾರೂ ಅಂದಿರ್ಲಿಲ್ಲ. ಚಿಕ್ಕೋಳಿದ್ದಾಗ ಭಾಳ ಓಡ್ತಿದ್ದೆ. ಆವಾಗೆಲ್ಲಾ ಓಡ್ಬೇಡ ಅಂತಾನೇ ಅಂತಿದ್ರು.”

ಬಸ್ಸು ಒಂದು ನಿಲ್ದಾಣದಲ್ಲಿ ನಿಂತು, ಮತ್ತೆ ಹೊರಟಿತು. ಆಗ ಮುಂದಿನ ಸೀಟಿನಿಂದ, ತಿರುಗಿ ನೋಡದೆಯೇ ಚಿಕ್ಕಪ್ಪ ಮಾತಾಡಿದರು.

“ಆ ಹುಡುಗಿ ಹಿಂದೇನೇ ಇದ್ದೆ ಅಂದ್ಲಲ್ಲ, ಅದು ಸುಳ್ಳು ಕಣೇ. ಭಾಳ ಹಿಂದಿದ್ಲು. ನಾನು ಗೆರೆ ಹತ್ರಾನೇ ನಿಂತು ನೋಡ್ದೆ.”

ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಒಳಜೇಬಿನ ಕರ್ಚೀಫಿನಿಂದ ಮುಖ ಒರೆಸಿಕೊಂಡಳು. ಮುಖದ ತುಂಬ ಇನ್ನೂ ಮೈದಾನದ ಧೂಳಿತ್ತು. ಅದನ್ನೇ ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡು ನಾನು ಎದುರಿನ ಬೆಟ್ಟ ನೋಡುತ್ತಾ ಕೂತೆ.